ಹೊಲ ಐತಿ, ಜಾಮೀನಿಲ್ಲ

ಆಗಸ್ಟ್ ತಿಂಗಳ ಮುಂಜಾನೆ ಬೈಲಹೊಂಗಲದಲ್ಲಿ ಇಳಿದರೆ ಎರೆಮಣ್ಣು ಮೊದಲು ನಿಮ್ಮ ಚಪ್ಪಲಿ ಹಿಡಿಯುತ್ತದೆ. ರಾತ್ರಿ ಶುರುವಾದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿಲ್ಲ. ಹೆಸರು ಕೊಯ್ಲಿಗೆ ಬಂದಿದೆ, ಮಳೆ ಹೀಗೇ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ ಎಂಬ ಮಾತು ಚಹದಂಗಡಿಯ ತುಂಬ. ಅಂಥ ದಿನವೂ ಒಬ್ಬ ರೈತರು ಹೊಲ ಬಿಟ್ಟು ಬಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಮಗಳು. ಅವಳ ಎದೆಗೆ ಅವಚಿದ ಪ್ಲಾಸ್ಟಿಕ್ ಫೈಲಿನಲ್ಲಿ ಸಿಇಟಿ ಸೀಟು ಹಂಚಿಕೆಯ ಪತ್ರ, ಕಾಲೇಜು ಕೊಟ್ಟ ಫೀಯ ಪಟ್ಟಿ, ಹತ್ತನೆಯ ಮತ್ತು ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಅಪ್ಪನ ಆಧಾರ್, ಪ್ಯಾನ್. ಎಲ್ಲಕ್ಕಿಂತ ಮೇಲೆ, ಮಡಿಕೆ ಬಿಚ್ಚಿ ಇಟ್ಟಿರುವುದು ಹೊಲದ ಉತಾರ, ಅಂದರೆ ಪಹಣಿ.

ಬಾಗಿಲು ತೆರೆಯುತ್ತದೆ. ನೀವೂ ಅವರ ಹಿಂದೆ ಸರದಿಯಲ್ಲಿ ನಿಲ್ಲುತ್ತೀರಿ. ಕೌಂಟರಿನಾಚೆಯವರು ಫೈಲು ತಿರುವಿ ಹಾಕುತ್ತಾರೆ.

“ಜಾಮೀನಿಗೆ ಏನ್ ಐತ್ರಿ?”

“ನಾಕ್ ಎಕರೆ ಹೊಲ ಐತ್ರಿ ಸಾಹೇಬ್ರ. ಯಾರದೂ ತಂಟಿ ತಕರಾರ ಇಲ್ಲ.”

“ಹೊಲ ನಡಿಯಂಗಿಲ್ಲ. ಪ್ಯಾಟ್ಯಾಗ ಪ್ಲಾಟು, ಮನಿ ಏನರ ಐತೇನು?”

ರೈತರು ಉತಾರದ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತಾರೆ. ಊರಿನಲ್ಲಿ ಅವರನ್ನು ಗುರುತಿಸುವುದೇ ಆ ನಾಲ್ಕು ಎಕರೆಯಿಂದ. ಇಲ್ಲಿ ಅದಕ್ಕೆ ಬೆಲೆಯಿಲ್ಲ. ಬ್ಯಾಂಕಿನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಒಕ್ಕಲಿಗನ ಹೊಲ ಹರಾಜಾಗದಿರಲಿ ಎಂಬ ಒಳ್ಳೆಯ ಉದ್ದೇಶದ ವಿನಾಯಿತಿ ಅದು. ಆದರೆ ಆ ಕಾಯ್ದೆಯಡಿ ಹರಾಜು ಹಾಕಲಾಗದ ಹೊಲವನ್ನು ಶಿಕ್ಷಣ ಸಾಲಕ್ಕೆ ಅಡವು ಹಿಡಿಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಪೇಟೆಯಲ್ಲಿ ಒಂದು ಸಣ್ಣ ಮನೆಯಿರುವ ನೌಕರನ ಮಗಳು ಸುಲಭವಾಗಿ ದಾಟುವ ಹೊಸ್ತಿಲಲ್ಲಿ ಭೂಮಿಯುಳ್ಳವನ ಮಗಳು ನಿಂತುಬಿಡುತ್ತಾಳೆ.

ಮಗಳು ಬಾಯಿ ತೆರೆಯುತ್ತಾಳೆ. “ಸರ್, ನಮಗ ಬೇಕಾಗಿದ್ದು ನಾಕ್ ಲಕ್ಷ ಅಷ್ಟ. ನಾಕ್ ಲಕ್ಷದ ತನಕ ಜಾಮೀನು ಕೇಳಂಗಿಲ್ಲಂತ ನಮ್ಮ ಮೇಡಂ ಹೇಳ್ಯಾರ್ರಿ.”

ಅವಳು ಹೇಳಿದ್ದು ಸರಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಅಡವಿಲ್ಲ, ಹೊರಗಿನವರ ಜಾಮೀನೂ ಇಲ್ಲ, ಕೈಯಿಂದ ಪಾಲು ಹಾಕಬೇಕಾಗಿಯೂ ಇಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯೇ 2015ರಿಂದ ಬ್ಯಾಂಕಿನ ಬೆನ್ನಿಗಿದೆ. ಕೌಂಟರಿನವರು ಅವಳನ್ನೊಮ್ಮೆ, ಪತ್ರವನ್ನೊಮ್ಮೆ ನೋಡಿ, “ವಿದ್ಯಾಲಕ್ಷ್ಮಿ ಪೋರ್ಟಲ್‌ನ್ಯಾಗ ಅರ್ಜಿ ಹಾಕಿ ಬಾರವಾ, ನೋಡೋಣು” ಎನ್ನುತ್ತಾರೆ. ನಿಯಮ ಗೊತ್ತಿದ್ದ ಮೇಡಂ ಒಬ್ಬರು ಇದ್ದುದರಿಂದ ಈ ಹುಡುಗಿಗೆ ಬಾಗಿಲು ಅರ್ಧ ತೆರೆಯಿತು. ಇಲ್ಲದಿದ್ದರೆ ಅಪ್ಪ ಮಗಳು ಉತಾರ ಮಡಚಿಕೊಂಡು ಮನೆಗೆ ಹೋಗುತ್ತಿದ್ದರು. ಅಲ್ಲಿಂದ ಮುಂದಿನ ದಾರಿ ಬಡ್ಡಿ ವ್ಯಾಪಾರದವನ ಅಂಗಡಿಗೆ, ನೂರಕ್ಕೆ ತಿಂಗಳಿಗೆ ಮೂರರಂತೆ.

ನೀವು ಸವದತ್ತಿ ಕಡೆಯ ಬಸ್ಸು ಹತ್ತುತ್ತೀರಿ. ಕಂಡಕ್ಟರ್ ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತ ಬರುತ್ತಾರೆ. ಕಿಟಕಿಯಾಚೆ ಸೋಯಾ, ಹತ್ತಿ, ಕಬ್ಬು. ಎಲ್ಲಮ್ಮನ ಗುಡ್ಡ ಮಂಜಿನಲ್ಲಿ ಅರ್ಧ ಮುಚ್ಚಿದೆ. ಮಂದಿ ಗುಡ್ಡಕ್ಕೆಂದು ಇಳಿಯುತ್ತಾರೆ. ನೀವು ಮಾತ್ರ ಈ ಸೀಮೆಯದೇ ಇನ್ನೊಂದು ಊರು ಶಿರಸಂಗಿಗೆ ಹೋಗಬೇಕು. ಕಾಳಮ್ಮನ ಗುಡಿಗೆ ಹೆಸರಾದ ಊರು. ಇಲ್ಲಿಯ ದೇಸಾಯಿ ಮನೆತನದ ವಾಡೆಯ ಮುಂದೆ ನಿಂತರೆ, ಬೆಳಿಗ್ಗೆ ಬ್ಯಾಂಕಿನಲ್ಲಿ ಕೇಳಿದ ಪ್ರಶ್ನೆಗೆ ನೂರು ವರ್ಷ ಹಿಂದಿನ ಉತ್ತರವೊಂದು ಸಿಗುತ್ತದೆ.

1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಈ ಮನೆಗೆ ದತ್ತು ಬಂದವರು ಲಿಂಗರಾಜ ದೇಸಾಯಿ. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. 1906ರಲ್ಲಿ ತೀರಿಕೊಂಡಾಗ ಅವರ ಮೃತ್ಯುಪತ್ರ ಆಸ್ತಿಯನ್ನು ಅವರ ಸಮಾಜದ ಮಕ್ಕಳ ಓದಿಗೆ ಎತ್ತಿಟ್ಟಿತ್ತು. ನವಲಗುಂದ ಶಿರಸಂಗಿ ಟ್ರಸ್ಟ್ ಆ ಆಸ್ತಿಯಿಂದ ನಡೆದದ್ದು. ಹಳ್ಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಅದರ ನೆರವಿನಿಂದ ಧಾರವಾಡ, ಬೆಳಗಾವಿ, ಪುಣೆಗಳಲ್ಲಿ ಓದಿ ಮೇಲೆ ಬಂದರು. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ದೇಸಾಯರು ಮಾಡಿದ್ದನ್ನು ಒಂದು ಸಲ ಲೆಕ್ಕದ ಕಣ್ಣಿನಿಂದ ನೋಡಿ. ಇಲ್ಲಿ ಜಮೀನು ಓದಿಗೆ ಆಸರೆಯಾಯಿತು. ಇಂದು ಅದೇ ಸೀಮೆಯ ಜಮೀನು ಓದಿಗೆ ಜಾಮೀನೂ ಆಗುತ್ತಿಲ್ಲ. ಒಂದು ಮಗುವಿನ ಓದಿನ ಭಾರವನ್ನು ಆ ಮಗುವಿನ ಮನೆಯೊಂದೇ ಹೊರಬಾರದು, ಊರೂ ಹೊರಬೇಕು ಎಂಬುದು ಅಂದಿನ ನಂಬಿಕೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರೂ ಅದೇ ನಂಬಿಕೆಯ ಮಕ್ಕಳು. ಆ ದಾನ ಹೆಚ್ಚಾಗಿ ಒಂದು ಸಮಾಜದ ಮಕ್ಕಳಿಗೆ ಮೀಸಲಾಗಿತ್ತು ಎಂಬುದೂ ನಿಜ. ಅದನ್ನು ಎಲ್ಲ ಜಾತಿಯ ಮಕ್ಕಳಿಗೆ ಹಿಗ್ಗಿಸುವುದು ಸರ್ಕಾರದ ಕೆಲಸವಾಗಿತ್ತು. ವಿದ್ಯಾರ್ಥಿವೇತನ, ಹಾಸ್ಟೆಲು ಬಂದವು. ಆದರೆ ಫೀ ಅವುಗಳಿಗಿಂತ ಜೋರಾಗಿ ಓಡಿತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ರೈತರ ಮಗಳಿಗೆ ಗೊತ್ತಾದ ಮೊತ್ತ ವರ್ಷಕ್ಕೆ 11,000 ರೂಪಾಯಿ. ಫೀಯ ಮುಂದೆ ಅದು ಎಲ್ಲಿ ಸಾಲುತ್ತದೆ? ಉಳಿದ ಸಂದಿಯನ್ನು ತುಂಬಲು ಬಂದದ್ದೇ ಸಾಲ.

ಇಳಿಹೊತ್ತಿಗೆ ನೀವು ರಾಮದುರ್ಗದಲ್ಲಿದ್ದೀರಿ. ಮಲಪ್ರಭೆ ಕೆಂಪಗೆ ಹರಿಯುತ್ತಿದ್ದಾಳೆ. ಓಣಿಗೆ ಕಾಲಿಡುತ್ತಲೇ ಮಗ್ಗದ ಸದ್ದು ಕಿವಿ ತುಂಬುತ್ತದೆ, ಮಾತಾಡಬೇಕಾದರೆ ಮಗ್ಗ ನಿಲ್ಲಿಸಬೇಕು. ನೇಕಾರರೊಬ್ಬರು ಮಗ್ಗ ನಿಲ್ಲಿಸಿ ಮಗನ ಸಾಲದ ಪಾಸ್‌ಬುಕ್ ತಂದು ನಿಮ್ಮ ಮುಂದಿಡುತ್ತಾರೆ. ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ. ಪ್ರತಿ ವರ್ಷ 1 ಲಕ್ಷದಂತೆ 4 ಲಕ್ಷ ಎತ್ತಿದ್ದು, ಬಡ್ಡಿ ನೂರಕ್ಕೆ ಹತ್ತು. ಲೆಕ್ಕವನ್ನು ನೀವೇ ಹಾಕಿ: ಓದುವ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ ಕಂತು ಕೇಳುವುದಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಕಂತು ಶುರುವಾಗುವ ದಿನ 4 ಲಕ್ಷ 5.4 ಲಕ್ಷವಾಗಿ ಎದುರು ನಿಲ್ಲುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ 7,100 ರೂಪಾಯಿಗೂ ಮೇಲೆ.

“ಅಂವಗ ಬೆಂಗಳೂರಾಗ ಕೈಗೆ ಬರೂದು ಹದಿನೆಂಟ್ ಸಾವಿರ. ಪಿಜಿಗೆ ಎಂಟು. ಇನ್ನ ಉಣ್ಣೂದೇನು, ಕಟ್ಟೂದೇನು?” ಕಂತು ತಪ್ಪಿದಾಗ ಫೋನು ಬಂದದ್ದು ಮಗನಿಗಷ್ಟೇ ಅಲ್ಲ, ಅಪ್ಪನಿಗೂ. ಸಹಸಾಲಗಾರನ ಸಿಬಿಲ್ ಸ್ಕೋರೂ ಇಳಿಯುತ್ತದೆ. ಮುಂದೆ ಮಗ್ಗಕ್ಕೆ ಸಾಲ ಕೇಳಲು ಹೋದರೆ ಅದು ಅಡ್ಡ ಬರುತ್ತದೆ. ಒಬ್ಬನ ಓದಿನ ಸಾಲ ಇಡೀ ಮನೆಯ ಪತ್ತನ್ನು ಹಿಡಿದು ನಿಲ್ಲಿಸುವ ಬಗೆ ಇದು.

ಇದೇ ಮನೆಗೆ ಬೇರೆ ದಾರಿಯೂ ಇತ್ತು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಸಿಇಟಿ ಮೂಲಕ ಸೀಟು ಪಡೆದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಸಾಲ, ಬಡ್ಡಿ ನೂರಕ್ಕೆ ಎರಡೇ. ಮನೆಯ ಆದಾಯ 4.5 ಲಕ್ಷದೊಳಗಿದ್ದು, ಕೋರ್ಸು ವೃತ್ತಿಪರವಾಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯಿದ್ದರೆ ಓದುವ ಅವಧಿಯ ಮತ್ತು ಮರುವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ ಇದೆ. ಅದು ಸಿಕ್ಕಿದ್ದರೆ 5.4 ಲಕ್ಷ 4 ಲಕ್ಷವಾಗಿಯೇ ಉಳಿಯುತ್ತಿತ್ತು, ಕಂತು 5,300ರ ಒಳಗೆ ನಿಲ್ಲುತ್ತಿತ್ತು. “ನಮಗ ಯಾರೂ ಹೇಳ್ಲಿಲ್ರಿ” ಎಂದು ಹೇಳಿ ಅವರು ಮತ್ತೆ ಮಗ್ಗಕ್ಕೆ ಕೂರುತ್ತಾರೆ.

ಮರುದಿನ ಮುಂಜಾನೆ ಕಿತ್ತೂರು. ಚೆನ್ನಮ್ಮನ ಕೋಟೆಯ ಊರು ಈಗ ಹೆದ್ದಾರಿಯ ಊರು. ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ. ಎರಡೂ ದಿಕ್ಕಿನ ಬಸ್ಸುಗಳಿಗೆ ಬೆನ್ನುಚೀಲದ ಹುಡುಗ ಹುಡುಗಿಯರು ಮುಗಿಬೀಳುತ್ತಾರೆ. ಬಾಗಿಲಲ್ಲಿ ಜೋತು ನಿಂತವರ ನಡುವೆ ನೀವೂ ಒಂದು ಕಾಲು ಇಡುತ್ತೀರಿ. ಕಿವಿಗೆ ಬೀಳುವ ಮಾತೆಲ್ಲ ಪರೀಕ್ಷೆ, ಪ್ಲೇಸ್‌ಮೆಂಟ್, ಫೀಯ ಕೊನೆಯ ದಿನ. ಇಷ್ಟೊಂದು ಮಕ್ಕಳನ್ನು ಕಂಡ ಮೇಲೆ ಸಾಲವೇ ಬೇಡ ಎನ್ನಲು ಬಾಯಿ ಬರುವುದಿಲ್ಲ. ಸಾಲವಿಲ್ಲದಿದ್ದರೆ ಇವರಲ್ಲಿ ಎಷ್ಟೋ ಮಂದಿ ಈ ಬಸ್ಸಿನಲ್ಲಿ ಇರುತ್ತಿರಲಿಲ್ಲ, ಹೆಣ್ಣುಮಕ್ಕಳಂತೂ ಪಿಯುಸಿಗೇ ನಿಂತಿರುತ್ತಿದ್ದರು. ಅವರ ಪಾಲಿಗೆ ಸಾಲ ಬೆಲೆಯುಳ್ಳದ್ದೇ. ತಪ್ಪಿರುವುದು ಸಾಲದ ಕಟ್ಟಳೆಯಲ್ಲಿ.

ಕೆಲಸ ಸಿಗಲಿ ಬಿಡಲಿ, ಸಂಬಳ ಎಷ್ಟೇ ಇರಲಿ, ಗೊತ್ತಾದ ತಾರೀಖಿಗೆ ಗೊತ್ತಾದ ಕಂತು ಕೇಳುವುದು ನ್ಯಾಯವಲ್ಲ. ಆಸ್ಟ್ರೇಲಿಯಾ 1989ರಲ್ಲೇ ಬೇರೆ ಪದ್ಧತಿ ತಂದಿತು. ಓದಿದವರ ಗಳಿಕೆ ಒಂದು ಮಟ್ಟ ದಾಟಿದ ಮೇಲಷ್ಟೇ ಕಂತು, ಅದೂ ತೆರಿಗೆಯ ಜೊತೆ, ಗಳಿಕೆಗೆ ತಕ್ಕಷ್ಟು. ಗಳಿಕೆ ನಿಂತರೆ ಕಂತೂ ನಿಲ್ಲುತ್ತದೆ. ನಮ್ಮಲ್ಲಿ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡವಿಲ್ಲದ, ಜಾಮೀನಿಲ್ಲದ ಸಾಲದ ಮಾತಾಡಿತು, ಆದರೆ ಶುರುವಿಗೆ ಪಟ್ಟಿಯಲ್ಲಿದ್ದದ್ದು ದೇಶದ 860 ಉನ್ನತ ಸಂಸ್ಥೆಗಳು. ಪಟ್ಟಿಯ ಹೊರಗಿನ ಕಾಲೇಜಿನಲ್ಲಿ ಓದುವ ಹಳ್ಳಿಯ ಹುಡುಗಿ ಮತ್ತೆ ಹಳೆಯ ಕೌಂಟರಿಗೇ ಹೋಗಬೇಕು.

ಆದ್ದರಿಂದ ಮೊದಲ ಬೇಡಿಕೆ ಸರ್ಕಾರಕ್ಕೆ: ಕಂತು ಸಂಬಳಕ್ಕೆ ತಕ್ಕಂತಿರಲಿ, ಅರಿವು ಸಾಲದ ಹಣ ಹೆಚ್ಚಲಿ, ಅದರ ಸುದ್ದಿ ಪ್ರತಿ ಪಿಯು ಕಾಲೇಜಿನ ತರಗತಿಗೆ ಮುಟ್ಟಲಿ. ಎರಡನೆಯದು ಬ್ಯಾಂಕುಗಳಿಗೆ: 4 ಲಕ್ಷದೊಳಗಿನ ಅರ್ಜಿಗೆ ಪ್ಲಾಟು ಕೇಳಬೇಡಿ, ಅಪ್ಪನ ಸಿಬಿಲ್ ತೋರಿಸಿ ಮಕ್ಕಳನ್ನು ಹಿಂದೆ ಕಳಿಸಬೇಡಿ. ಸಿಬಿಲ್ ಕಡಿಮೆಯೆಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಕೊನೆಯದು ಮನೆಯವರಿಗೆ: ಮೊದಲು ವಿದ್ಯಾರ್ಥಿವೇತನ, ಆಮೇಲೆ ನಿಗಮದ ಸಾಲ, ಬ್ಯಾಂಕು ಕಡೆಗೆ. ಕಾಲೇಜಿನ ಮಾನ್ಯತೆ, ಅಲ್ಲಿ ಓದಿದವರಿಗೆ ಸಿಕ್ಕ ಕೆಲಸ ಎರಡನ್ನೂ ವಿಚಾರಿಸದೆ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಎತ್ತಬೇಡಿ. ಕೈಲಾದರೆ ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತ ಹೋಗಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು.