ಹೀಲರ್ ಲೆಕ್ಕ

ಇವತ್ತು ಹಳೇ ಎಕ್ಸೆಲ್ ಹಾಳೆಯೊಂದು ಸಿಕ್ತು. ಅದರ ಕಥೆ ಬರೆದುಬಿಡ್ತೀನಿ.

2021ರ ಲಾಕ್‌ಡೌನ್. ದೊಡ್ಡಬಳ್ಳಾಪುರದ ನಮ್ಮನೆ ಮಗ್ಗ ನಿಂತುಹೋಗಿತ್ತು. ಅಪ್ಪ ಸುಮ್ನೆ ಕೂತಿರೋರು, ನಾನು ರಾತ್ರಿಯೆಲ್ಲಾ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡ್ತಿದ್ದೆ. ನಂದು ಡ್ರೂಯಿಡ್ ಹೀಲರ್. ಅಂದ್ರೆ ಹೊಡೆದಾಡೋದಲ್ಲ, ಏಟು ತಿಂದವರನ್ನ ಬದುಕಿಸೋ ಕೆಲಸ.

ಹೀಲರ್ ಹಾಕ್ಕೊಳ್ಳೋ ಉಂಗುರ, ನಡುಪಟ್ಟಿಗಳಲ್ಲಿ ಹೇಸ್ಟ್, ಕ್ರಿಟ್, ಮಾಸ್ಟರಿ, ವರ್ಸಟಿಲಿಟಿ ಅಂತ ನಾಲ್ಕು ಗುಣಗಳಿರ್ತವೆ. ಶಾಡೋಲ್ಯಾಂಡ್ಸ್ ಕಾಲದ 60ನೇ ಲೆವೆಲ್‌ನಲ್ಲಿ 33 ಅಂಕಕ್ಕೆ ಶೇ. 1 ಹೇಸ್ಟ್, 35ಕ್ಕೆ ಶೇ. 1 ಕ್ರಿಟ್, 40ಕ್ಕೆ ಶೇ. 1 ವರ್ಸಟಿಲಿಟಿ. ಹೇಸ್ಟೇ ಅಗ್ಗ! ಮೇಲಾಗಿ ಡ್ರೂಯಿಡ್‌ನ ರೀಜುವಿನೇಷನ್ ಒಂದ್ಸಲ ಹಾಕಿದ್ರೆ ನಿಧಾನಕ್ಕೆ ಗುಣ ಮಾಡ್ತಾ ಇರುತ್ತೆ. ಹೇಸ್ಟ್ ಜಾಸ್ತಿಯಾದ್ರೆ ಅದೇ ಖರ್ಚಲ್ಲಿ ಇನ್ನಷ್ಟು ಗುಣ.

ಕ್ರಿಟ್ ಹಾಗಲ್ಲ. ಒಬ್ಬನಿಗೆ 6000 ಜೀವ ಕಮ್ಮಿಯಾಗಿದೆ, ನನ್ನ ಮಂತ್ರ 5000 ಕೊಡುತ್ತೆ ಅನ್ಕೊಳ್ಳಿ. ಕ್ರಿಟ್ ಬಿದ್ರೆ 10000. ಅದರಲ್ಲಿ 4000 ನೀರಲ್ಲಿ ಹೋಮ. ಹೊಡೆಯೋರಿಗೆ ಈ ತಲೆನೋವಿಲ್ಲ ನೋಡಿ, ಅವರು ಹೊಡೆದದ್ದೆಲ್ಲಾ ಲೆಕ್ಕಕ್ಕೆ ಬರುತ್ತೆ. ಹೀಲರ್‌ದು ಬೇರೆಯವರ ಗಾಯ ನೋಡ್ಕೊಂಡು ಮಾಡೋ ಲೆಕ್ಕ.

ಹೊಸಕೋಟೆಯಲ್ಲಿರೋ ಚಿಕ್ಕಮ್ಮನ ಮಗಳೂ ನಮ್ಮ ಗುಂಪಲ್ಲಿದ್ಳು, ಪ್ರೀಸ್ಟ್ ಹೀಲರ್. "ಅಣ್ಣಾ, ಯಾವ ಉಂಗುರ ಹಾಕ್ಕೊಳ್ಲಿ?" ಅಂದ್ಳು. "ಹೇಸ್ಟ್ ಇರೋದು ಹಾಕ್ಕೋ, ಲೆಕ್ಕ ಮಾಡಿದೀನಿ" ಅಂದೆ. ಮಾಡಿದ್ದು ಡ್ರೂಯಿಡ್ ಲೆಕ್ಕ!

ಅವಳದು ಹೆಚ್ಚಾಗಿ ಒಂದೊಂದೇ ಮಂತ್ರ ಹಾಕಿ ಗುಣಪಡಿಸೋ ಆಟ. ಶೇ. 10 ಹೇಸ್ಟ್ ಬಂದ್ರೆ 10 ಮಂತ್ರದ ಹೊತ್ತಲ್ಲಿ 11 ಹಾಕಬಹುದು ನಿಜ, ಆದ್ರೆ ಮಾನಾ ಕೂಡ 11ರದ್ದು ಖರ್ಚು. ಮಾನಾ ಹೋದ್ರೆ ಹೀಲರ್ ಮಾನವೂ ಹೋದಂಗೆ :) ಆ ಭಾನುವಾರ ಬಾಸ್ ಇನ್ನೇನು ಸಾಯ್ಬೇಕು, ಅವಳ ಮಾನಾ ಸೊನ್ನೆ. ಎಲ್ಲರೂ ಸತ್ವಿ. ಹೆಡ್‌ಫೋನ್‌ನಲ್ಲಿ ಒಬ್ಬ ಅವಳಿಗೆ ಬಾಯಿಗೆ ಬಂದಂಗೆ ಬೈದ. ನನಗೆ ಅಷ್ಟೊತ್ತಿಗೆ ಗೊತ್ತಾಗಿತ್ತು, ತಪ್ಪು ಯಾರದ್ದು ಅಂತ. ಸುಮ್ನಿದ್ದೆ.

ಮಾರನೇ ದಿನ ಅಪ್ಪನಿಗೆ ಇದನ್ನ ವಿವರಿಸ್ತಿದ್ದಾಗ, "ಮಗ್ಗ ಜೋರಾಗಿ ಓಡಿಸಿದ್ರೆ ನೂಲೂ ಬೇಗ ಮುಗೀತದಲ್ವೇನೋ, ಅದು ಗೊತ್ತಿರ್ಲಿಲ್ವಾ?" ಅಂದ್ರು.

ಹಾಳೆಗೆ ಮಾನಾದ್ದೊಂದು ಕಾಲಂ ಸೇರಿಸಿದೆ. ಅವಳಿಗೆ ಕ್ರಿಟ್ ಇರೋ ಉಂಗುರವೇ ವಾಸಿಯಿತ್ತು, ಒಂದಿಷ್ಟು ವ್ಯರ್ಥವಾದ್ರೂ ಹೆಚ್ಚು ಮಾನಾ ಕೇಳಲ್ಲ. ಅಷ್ಟರಲ್ಲಿ ಅವಳು ಆಟ ಬಿಟ್ಟಿದ್ಳು.

ಮೊನ್ನೆ ಮನೆಗೆ ಬಂದಾಗ ಆ ಕಾಲಂ ತೋರಿಸಿದೆ. ನೋಡಿದ್ಳು. "ಲೆಕ್ಕ ಬಿಡಣ್ಣ, ಅವತ್ತು ಅವನು ಬೈತಿದ್ದಾಗ ಒಂದು ಮಾತು ಹೇಳ್ಬಹುದಿತ್ತಲ್ಲಾ" ಅಂದ್ಳು.