ಬೈಸಿಕಲ್ಲಿನ ಒರೆಗಲ್ಲು

ನಮ್ಮ ನಾಡಿನ ಗೃಹಸ್ಥರಲ್ಲಿ ಬೈಸಿಕಲ್ಲನ್ನು ಹತ್ತದವರು ವಿರಳ; ಸಂಸಾರದ ಭಾರವನ್ನು ಹೊತ್ತ ಮೇಲೆ ಅದನ್ನೇರಿ ಪಂದ್ಯಕ್ಕೆ ಹೊರಡುವವರು ಇನ್ನೂ ವಿರಳ. ಇಂತಹ ಪಂದ್ಯವು ಮಕ್ಕಳೊಂದಿಗನಿಗೆ ತಕ್ಕದ್ದೆ, ಅದರಿಂದಾಗುವ ಪುರುಷಾರ್ಥವಾದರೂ ಏನು, ಎಂಬ ಪ್ರಶ್ನೆ ಸಹಜವಾದುದು. 2024ನೆಯ ಇಸವಿಯ ಬೇಸಗೆಯಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತ್ಯದಲ್ಲಿ ಮಗಳ ಮನೆಯಲ್ಲಿದ್ದಾಗ ಇದನ್ನು ವಿಚಾರಿಸುವ ಸಂದರ್ಭವು ನಮಗೆ ಒದಗಿತು. ನಮ್ಮ ಅಳಿಯಂದಿರಿಗೆ 36 ವಯಸ್ಸು. ವಾರದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರು. ಇಬ್ಬರು ಮಕ್ಕಳ ತಂದೆ. ಭಾನುವಾರ ಬಂತೆಂದರೆ ಅವರ ಮನಸ್ಸೆಲ್ಲ ಪಂದ್ಯದ ಕಡೆಗೆ.

ಈ ಬಗೆಯ ಪಂದ್ಯಕ್ಕೆ ಕ್ರೈಟೀರಿಯಂ ಎಂದು ಹೆಸರು. ಗ್ರೀಕ್ ಮೂಲದ ಈ ಶಬ್ದಕ್ಕೆ ಗುಣಾಗುಣಗಳನ್ನು ನಿರ್ಣಯಿಸುವ ಸಾಧನವೆಂದು ಅರ್ಥ. ಸಂಸ್ಕೃತದ ‘ನಿಕಷ’, ಕನ್ನಡದ ‘ಒರೆಗಲ್ಲು’ ಇದಕ್ಕೆ ಚೆನ್ನಾಗಿ ಒಪ್ಪುತ್ತವೆ. ಊರಿನ ನಾಲ್ಕಾರು ಬೀದಿಗಳಲ್ಲಿ ವಾಹನಸಂಚಾರವನ್ನು ತಡೆದು, ಒಂದು ಮೈಲಿಗೆ ಹೆಚ್ಚು ಕಡಮೆಯಾದ ಸುತ್ತನ್ನು ಏರ್ಪಡಿಸಿ, ಸವಾರರನ್ನು ಅದರಲ್ಲಿಯೇ ಮತ್ತೆ ಮತ್ತೆ ಸುತ್ತಿಸುತ್ತಾರೆ. ಉಳಿದ ಸುತ್ತುಗಳ ಸಂಖ್ಯೆಯನ್ನು ಹಲಗೆಯಲ್ಲಿ ತೋರಿಸುತ್ತಾರೆ. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ತೀರ ಹಿಂದೆ ಬಿದ್ದವರನ್ನು ಅಧಿಕಾರಿಗಳು ಹೊರಕ್ಕೆ ಕರೆದುಬಿಡುವುದೂ ಉಂಟು.

ನಾವು ಹೋದ ದಿನ ಅಳಿಯಂದಿರಿಗೆ ಎರಡು ಪಂದ್ಯಗಳಿದ್ದುವು. ಬೆಳಿಗ್ಗೆ 8 ಗಂಟೆಗೆ 35 ವರ್ಷ ದಾಟಿದವರದು. 11 ಗಂಟೆಗೆ ಹವ್ಯಾಸಿಗಳ ಕೆಳದರ್ಜೆಯದು. ಪ್ರವೇಶಕ್ಕೆ ಹಣವನ್ನು ಇವರೇ ಕೊಡಬೇಕು; ಬಹುಮಾನವು ಬಹುಮಂದಿಗೆ ಕನಸಿನ ಗಂಟು. ನಮ್ಮ ಮಗಳು ಅಂಕೆಯ ಚೀಟಿಯನ್ನು ಗಂಡನ ಬೆನ್ನಿಗೆ ಪಿನ್ನುಗಳಿಂದ ಚುಚ್ಚಿ ನಿಲ್ಲಿಸಿದಳು. ಆಕೆಯ ಕೈ ನಿಧಾನವಾಗಿ ಚಲಿಸುತ್ತಿದ್ದುದನ್ನು ನಾವು ಗಮನಿಸಿದೆವು, ಏನೂ ಕೇಳಲಿಲ್ಲ.

ನಮಗೆ ಆಶ್ಚರ್ಯವನ್ನುಂಟುಮಾಡಿದ್ದು ಸವಾರರ ವೇಗಕ್ಕಿಂತ ಹೆಚ್ಚಾಗಿ ಅವರ ಒಗ್ಗೂಡುವಿಕೆ. ಸವಾರನಿಗೆ ಗಾಳಿಯೇ ಪರಮಶತ್ರು. ವೇಗವು ಎರಡರಷ್ಟಾದರೆ ಗಾಳಿಯ ತಡೆಯು ನಾಲ್ಕರಷ್ಟಾಗುತ್ತದೆ. ಮುಂದಿನವನ ಹಿಂಚಕ್ರಕ್ಕೆ ಒಂದೆರಡು ಅಡಿಯ ಅಂತರದಲ್ಲಿ ಹೋಗುವವನಿಗೆ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಆದುದರಿಂದ ಯಾರನ್ನು ಸೋಲಿಸಬೇಕೋ ಅವನ ಬೆನ್ನೇ ಆಶ್ರಯ! ಆದರೆ ಸದಾ ಮರೆಯಲ್ಲಿಯೇ ಇದ್ದು ಸುಖಿಸುವವನನ್ನು ಉಳಿದವರು ಮೆಚ್ಚುವುದಿಲ್ಲ. ಸರದಿ ಬಂದಾಗ ಮುಂದಕ್ಕೆ ಹೋಗಿ ಗಾಳಿಗೆ ಎದೆಯೊಡ್ಡಬೇಕು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಮೀಪ್ಯದಿಂದ ಲಾಭವೆಷ್ಟೋ ಅಪಾಯವೂ ಅಷ್ಟೇ. ಮೊದಲನೆಯ ಪಂದ್ಯದಲ್ಲಿ, ಮೂರನೆಯ ತಿರುವಿನಲ್ಲಿ, ವಾಲಿದ ಗಾಡಿಯ ಪೆಡಲು ನೆಲಕ್ಕೆ ತಗುಲಿ ಒಬ್ಬನು ಬಿದ್ದನು. ಅವನ ಮೇಲೆ ಇನ್ನಿಬ್ಬರು ಬಿದ್ದರು. ಬಿದ್ದವನು ಒಂದು ಸುತ್ತನ್ನು ಬಿಟ್ಟು ಮತ್ತೆ ಗುಂಪನ್ನು ಸೇರಲು ನಿಯಮದಲ್ಲಿ ಅವಕಾಶವಿದೆ. ಇಬ್ಬರು ಹಾಗೆಯೇ ಸೇರಿದರು. ಮೊದಲು ಬಿದ್ದವನು ಮಾತ್ರ ಹೆಗಲನ್ನು ಹಿಡಿದುಕೊಂಡು ಹಾದಿಯ ಬದಿಯಲ್ಲಿಯೇ ಕುಳಿತನು. ಅವನ ಪುಟ್ಟ ಮಗು ‘ಅಪ್ಪ ಏಕೆ ಏಳುವುದಿಲ್ಲ?’ ಎಂಬಂತೆ ತಾಯಿಯ ಮುಖವನ್ನು ನೋಡುತ್ತಿತ್ತು.

ಅಳಿಯಂದಿರು ಕ್ಷೇಮವಾಗಿ ಬಂದರು. “ಇನ್ನೊಂದು ಪಂದ್ಯ ಬೇಡವೆಂದರೆ ಬಿಟ್ಟುಬಿಡುತ್ತೇನೆ,” ಎಂದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಿ ಬನ್ನಿ. ಕೊನೆಯ ತಿರುವಿನಲ್ಲಿ ಮಾತ್ರ ಆತುರ ಬೇಡ,” ಎಂದಳು. ಆ ತಿರುವಿಗೆ ಬರುವವರೆಗೂ ಅವರು ಮುಂದಿನ ಎಂಟು ಹತ್ತು ಮಂದಿಯಲ್ಲಿದ್ದರು. ಅಲ್ಲಿ ಎಲ್ಲರೂ ಒಳಬದಿಗೆ ನುಗ್ಗಿದಾಗ ಇವರು ಹೊರಬದಿಯಲ್ಲಿ ಜಾಗ ಬಿಟ್ಟುಕೊಟ್ಟರು. ಸಿಕ್ಕಿದ್ದು ಹತ್ತೊಂಬತ್ತನೆಯ ಸ್ಥಾನ. ಗಾಡಿಯಿಂದ ಇಳಿದವರ ಮುಖದಲ್ಲಿ ಖೇದವಿರಲಿಲ್ಲ. ಮಗಳು ನೀರಿನ ಸೀಸೆಯನ್ನು ಅವರ ಕೈಗೆ ಕೊಟ್ಟಳು.

ಅಂದು ಸಂಜೆ ಅಳಿಯಂದಿರು ಅದೇ ಪ್ರಾಂತ್ಯದ ಸಾಮರ್‌ವಿಲ್ ಎಂಬ ಊರಿನ ಪ್ರಸಿದ್ಧ ಪಂದ್ಯದ ಸಂಗತಿಯನ್ನು ತಿಳಿಸಿದರು. ಫ್ರೆಡ್ ಕುಗ್ಲರ್ ಎಂಬ ಬೈಸಿಕಲ್ ಅಂಗಡಿಯ ಯಜಮಾನನು 1940ರಲ್ಲಿ 50 ಮೈಲಿಗಳ ಆ ಪಂದ್ಯವನ್ನು ಆರಂಭಿಸಿದನು. 1940 ಮತ್ತು 1941ರಲ್ಲಿ ಅವನ ಮಗ ಫರ್ಮನ್ ಗೆದ್ದನು. 1942ರಲ್ಲಿ ಕಾರ್ಲ್ ಆಂಡರ್ಸನ್ ಗೆದ್ದನು. ಬಳಿಕ ಯುದ್ಧದ ನಿಮಿತ್ತ ಪಂದ್ಯವು ನಿಂತಿತು. 1947ರಲ್ಲಿ ಅದು ಪುನಃ ನಡೆಯುವ ವೇಳೆಗೆ ಆ ತರುಣರಿಬ್ಬರೂ ಯುದ್ಧಕ್ಕೆ ಬಲಿಯಾಗಿದ್ದರು. ಇಬ್ಬರ ಹೆಸರನ್ನೂ ಜೋಡಿಸಿ ಪಂದ್ಯಕ್ಕೆ ಇಟ್ಟರು. ಪುತ್ರಶೋಕವನ್ನು ಕಂಡ ಮನೆತನದ ಹೆಸರಿನೊಡನೆ ಇನ್ನೊಬ್ಬರ ಮನೆಯ ಮಗನ ಹೆಸರೂ ಹೀಗೆ ಉಳಿಯಿತು.

ಪಾಣಿನೀಯ ಧಾತುಪಾಠದಲ್ಲಿ ಮೊದಲ ಧಾತುವಿಗೆ ಇರುವಿಕೆ ಅರ್ಥ, ಎರಡನೆಯದಕ್ಕೆ ಬೆಳವಣಿಗೆ. ಅದರ ಬೆನ್ನಿಗೇ ಬರುವುದು ‘ಸ್ಪರ್ಧ’ ಎಂಬ ಧಾತು. ಬಾಲ್ಯದಲ್ಲಿ ನಾವು ಈ ಕ್ರಮವನ್ನು ಬರಿಯ ಬಾಯಿಪಾಠವಾಗಿ ಕಲಿತೆವು. ಬಾಳಿನಲ್ಲಿಯೂ ಇದೇ ಕ್ರಮವೆಂದು ಈಗ ತೋರುತ್ತದೆ. ಇದ್ದವನು ಬೆಳೆಯಬೇಕು, ಬೆಳೆಯುವವನು ಇತರರೊಡನೆ ತನ್ನನ್ನು ಉಜ್ಜಿ ನೋಡಿಕೊಳ್ಳಬೇಕು. ಉಜ್ಜದೆ ಒರೆಗಲ್ಲು ಏನನ್ನೂ ಹೇಳುವುದಿಲ್ಲ. ಆದರೆ ಒರೆಗೆ ಹಚ್ಚುವುದು ಚಿನ್ನದ ಗುಣವನ್ನು ತಿಳಿಯುವುದಕ್ಕೇ ಹೊರತು ಅದನ್ನು ಸವೆಸಿಬಿಡುವುದಕ್ಕಲ್ಲ. ಎಲ್ಲಿಯವರೆಗೆ ನುಗ್ಗಬೇಕು, ಎಲ್ಲಿ ದಾರಿ ಬಿಡಬೇಕು ಎಂಬುದನ್ನು ಅರಿತ ಗೃಹಸ್ಥನಿಗೆ ಪಂದ್ಯವು ನಿಷಿದ್ಧವಲ್ಲವೆಂದೇ ನಮ್ಮ ಅಭಿಪ್ರಾಯ.