ಒಂಬತ್ತು ವರ್ಷ ಕಾದ ಕೊಳವೆ

ಹನಿ ಹನಿ ಕೂಡಿದರೆ ಹಳ್ಳವೆಂದು ಹಿರಿಯರು ಹೇಳಿದರು. ಆದರೆ ಹನಿಗಳನ್ನು ಕೂಡಿಸುವ ಬಗೆ ಹೇಗೆಂಬುದನ್ನು ಮಾತ್ರ ಹೇಳದೆ ಹೋದರು. ನಾಲ್ವರು ಬುದ್ಧಿವಂತರನ್ನು ಒಂದೆಡೆ ಕೂಡಿಸಿದರೆ ಹೊಸ ವಿಚಾರ ಹುಟ್ಟುವ ಬದಲು ಹೊಸ ಜಗಳ ಹುಟ್ಟುವುದೇ ಹೆಚ್ಚು. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವವರ ಲೋಕವೂ ಇದಕ್ಕೆ ಹೊರತಲ್ಲ. ಆ ಲೋಕದ ಹಳೆಯ ಪ್ರಸಂಗವೊಂದು ಹಿರಿಯರು ಬಿಚ್ಚಿ ಹೇಳದ ಗುಟ್ಟನ್ನು ಕೊಂಚ ಬಿಡಿಸುತ್ತದೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಾಸ್ ಮೆಕಿಲ್‌ರಾಯ್ ಎಂಬ ಗಣಿತಜ್ಞರಿದ್ದರು. ತೋಟಕ್ಕೆ ನೀರು ಹಾಯಿಸುವ ಕೊಳವೆಗೆ ಇನ್ನೊಂದು ತುಂಡನ್ನು ತಿರುಗಿಸಿ ಜೋಡಿಸುವಂತೆ, ಒಂದು ಪ್ರೋಗ್ರಾಮಿನ ಫಲವನ್ನು ನೇರವಾಗಿ ಮತ್ತೊಂದರೊಳಕ್ಕೆ ಹರಿಸುವಂತಿರಬೇಕೆಂದು ಅವರು 1964ರಲ್ಲಿ ಒಂದು ಟಿಪ್ಪಣಿಯಲ್ಲಿ ಬರೆದಿಟ್ಟರು. ಆಗ ಅದು ಬರಿಯ ಬಯಕೆ.

1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಅಲ್ಲಿಯೇ, ಹೆಚ್ಚು ಯಾರೂ ಬಳಸದೆ ಬಿದ್ದಿದ್ದ ಸಣ್ಣ ಯಂತ್ರವೊಂದರ ಮೇಲೆ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಮೇಲಿನವರ ಆಜ್ಞೆಯಿಂದ ಹುಟ್ಟಿದ ಕೆಲಸ ಅದಾಗಿರಲಿಲ್ಲ. ತಮತಮಗೆ ಬೇರೆ ಕೊಠಡಿಗಳಿದ್ದರೂ ಎಲ್ಲರೂ ಬಂದು ಕೂಡುತ್ತಿದ್ದ ಕೋಣೆಯೊಂದಿತ್ತು. ಒಬ್ಬನ ತೊಡಕು ಅಲ್ಲಿ ಮತ್ತೊಬ್ಬನ ಕಿವಿಗೆ ತಾನಾಗಿ ಬೀಳುತ್ತಿತ್ತು.

ಮೆಕಿಲ್‌ರಾಯ್ ಆ ವಿಭಾಗಕ್ಕೆ ಮುಖ್ಯಸ್ಥರು. ಕೊಳವೆಯನ್ನು ಮಾಡಿಕೊಡಿರೆಂದು ಅವರು ಅಪ್ಪಣೆ ಮಾಡಬಹುದಿತ್ತು, ಮಾಡಲಿಲ್ಲ. ಆಗಾಗ ಹೊಸ ಹೊಸ ಮಾದರಿಗಳನ್ನು ಮುಂದಿಡುತ್ತ, ಹೀಗಾದರೆ ಹೇಗೆಂದು ಕೇಳುತ್ತ ಬಂದರು. ಥಾಂಪ್ಸನ್ನರಿಗೆ ಅವು ಒಪ್ಪಿಗೆಯಾಗಲಿಲ್ಲ. ಅವರು ಒಪ್ಪದ್ದನ್ನು ಮೆಕಿಲ್‌ರಾಯ್ ಅವಿಧೇಯತೆಯೆಂದು ತಿಳಿಯಲಿಲ್ಲ. ಕೊನೆಗೆ 1973ರಲ್ಲಿ ಥಾಂಪ್ಸನ್ ತಾವಾಗಿಯೇ ಮನಸ್ಸು ಮಾಡಿ ಒಂದೇ ರಾತ್ರಿಯಲ್ಲಿ ಕೆಲಸವನ್ನು ಮುಗಿಸಿದರು. ಮರುದಿನ ಕೋಣೆಯವರೆಲ್ಲರೂ ಹೊಸ ಆಟಿಕೆ ಸಿಕ್ಕ ಮಕ್ಕಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಪೋಣಿಸುವುದರಲ್ಲಿ ತೊಡಗಿದರು. ಒಂದೊಂದು ಪ್ರೋಗ್ರಾಮು ಒಂದೊಂದೇ ಕೆಲಸವನ್ನು ಚೆನ್ನಾಗಿ ಮಾಡಿ ಮುಂದಿನದಕ್ಕೆ ದಾಟಿಸಲಿ ಎಂಬ ನೀತಿ ಅಲ್ಲಿ ಗಟ್ಟಿಯಾಯಿತು.

ಒಂದು ರಾತ್ರಿಯ ಕೆಲಸಕ್ಕೆ ಒಂಬತ್ತು ವರ್ಷದ ತಾಳ್ಮೆಯೇ ಎಂದು ಲೆಕ್ಕಾಚಾರಿಗಳು ಮೂಗೆಳೆಯಬಹುದು. ಆದರೆ ಅಪ್ಪಣೆಯಿಂದ ಬರುವುದು ಅಪ್ಪಣೆಯಷ್ಟೇ. ಮಾಡುವವನಿಗೆ ಸರಿಯೆಂದು ತೋರುವವರೆಗೆ ಕಾದುದರಿಂದಲೇ ಆ ಕೊಳವೆ ಇಂದಿಗೂ ಬೆಂಗಳೂರಿನ ಕಚೇರಿಗಳವರೆಗೆ ಎಲ್ಲೆಡೆಯಲ್ಲೂ ದಿನನಿತ್ಯದ ಬಳಕೆಯಲ್ಲಿ ಉಳಿದಿದೆ.

ಇನ್ನೊಂದು ಸಂಗತಿಯೂ ಗಮನಿಸತಕ್ಕದ್ದು. 1971ರಲ್ಲಿ ಹೊರಬಂದ ಯೂನಿಕ್ಸ್ ಕೈಪಿಡಿಯ ಪುಟಗಳಲ್ಲಿ ಆಯಾ ಪ್ರೋಗ್ರಾಮಿನ ಹೊಣೆ ಹೊತ್ತವರ ಹೆಸರಿನ ಜೊತೆಗೆ 'ದೋಷಗಳು' ಎಂಬ ಭಾಗವೂ ಇತ್ತು. ತಮ್ಮ ಕೃತಿಯ ಕುಂದನ್ನು ತಾವೇ ಅಚ್ಚು ಹಾಕಿಸುವ ಧೈರ್ಯ ಎಷ್ಟು ಜನಕ್ಕಿದೆ? ಕುಂದನ್ನು ಮುಚ್ಚಿಡುವ ಕಡೆ ನೆರೆಯವನ ಸಹಾಯಕ್ಕೆ ಬಾಗಿಲಿಲ್ಲ. ತೆರೆದಿಡುವ ಕಡೆ ಅವನು ಕರೆಯದೆಯೇ ಬರುತ್ತಾನೆ. ಹನಿಗಳು ಕೂಡುವುದು ಇಂಥ ತಗ್ಗಿನಲ್ಲಿಯೇ, ದಿಣ್ಣೆಯ ಮೇಲಲ್ಲ.